ಎಪ್ಪತ್ನಾಲ್ಕು ಮನೆಯ ವಾಚನಾಲಯ

ಹಲೋ... ಹಲೋ, ಯಾರ್ರಿ ಮಾತಾಡೋರು?... ಹಾಂ, ಅಕ್ಕಲಕೋಟ ಹೌದ್ರಿ, ಲೀಲಾಬಾಯಿ ಅವರ ಮನೀನೇ. ಅವರು ಹೊರಗ ಹೋಗ್ಯಾರ. ನಾ ಬಾಜೂ ಮನಿ ಶಾರದಾಬಾಯಿ. ನೀವು ಯಾರ್ರಿ?... ಜರಾ ಜೋರಾಗಿ ಹೇಳ್ರಿ, ಕೇಳವಲ್ದು...

...ಅಣ್ಣಾ? ಶಾಂತಲಿಂಗಣ್ಣಾ ಏನು? ನಿನ್ನ ದನಿ ಗುರ್ತ ಹತ್ತಲಿಲ್ಲ ನೋಡು. ಸೋಲಾಪುರದಿಂದ ಮಾತಾಡಾಕತ್ತೀಯೇನು?... ನನ್ನ ಕರೀರಿ ಅಂತ ಹೇಳಾಕ ಫೋನ್ ಮಾಡಿದ್ದಿ. ಸರಿ, ನಾನೇ ಸಿಕ್ಕೀನಲ್ಲ. ವೈನಿ ಆರಾಮ ಅದಾರಿಲ್ಲೋ? ಅಮೇಯ, ಸ್ನೇಹಲ, ಕೂಸು?... ಹಾಂ. ಹಾಂ. ಮತ್ತ ಯಾಕ ಇಷ್ಟು ಸಿಟ್ಟಿನ್ಯಾಗ ಇದ್ದೀ?

...ತೆಗದ್ರೇನು? ಇವತ್ತ? ಎಷ್ಟು ಗಂಟೇಕ?... ಹನ್ನೊಂದಕ್ಕ. ಕಮಿಟಿ ಅಧ್ಯಕ್ಷರೂ ಬಂದಿದ್ರು, ನೀನೂ ಬಂದಿದ್ದಿ. ಅಕ್ಕಲಕೋಟ ತನಾ ಬಂದು, ವಾಚನಾಲಯದ ಕೀಲಿ ತೆಗದು, ನನ್ನ ಮನಿ ಕಡೆ ಹಾಯದೇ ಹೋದಿ. ಇರಲಿ ಬಿಡು. ಏನು ಕಂಡ್ರಿ ಒಳಗ?

...ಹೌದು. ಖಾಲಿ ಅವ. ಆರು ಕಪಾಟು, ಆರೂ ಖಾಲಿ. ನನಗ ಗೊತ್ತದ ಅಣ್ಣಾ. ನಾನೇ ಖಾಲಿ ಮಾಡಿಸೀನಿ.

...ನೀ ಮೊದಲ ಕೂಡು. ಬಿ.ಪಿ. ಗುಳಿಗಿ ತಗೊಂಡೀಯೇನು?... ಬದಲಾಯಿಸಾಕತ್ತಿಲ್ಲ ಮಾತು. ಕೇಳಾಕತ್ತೀನಿ. ತಗೊಂಡೀ?... ಹಾಂ. ಈಗ ಮಾತಾಡು.

...ಕಳವು ಅನ್ನಬ್ಯಾಡ. ಬ್ಯಾರೆ ಯಾರ ಅಂದ್ರೂ ಸುಮ್ಮನಿರ್ತಿದ್ದೆ, ನೀ ಅನ್ನಬ್ಯಾಡ. ಕಳ್ಳರು ಹೆಸರು ಬರದು, ವಿಳಾಸ ಬರದು, ಸಹಿ ಹಾಕಿ ಒಯ್ತಾರೇನು? ಬಾಗಲದ ಎಡಕ್ಕ ಮೇಜಿನ ಖಾನ್ಯಾಗ ರಜಿಸ್ಟರ್ ಅದ. ನೋಡಿದ್ರೇನು?... ನೋಡಲಿಲ್ಲ. ಖಾಲಿ ಕಪಾಟು ನೋಡಿ ಒದರಾಡಿ ಹೊಂಟ್ಹೋದ್ರಿ. ಆ ರಜಿಸ್ಟರಿನ್ಯಾಗ ಪ್ರತಿಯೊಂದು ಪುಸ್ತಕ ಯಾರ ಮನ್ಯಾಗ ಅದ, ಯಾವ ತಾರೀಖಿಗೆ ಹೋಗ್ಯದ, ಎಲ್ಲಾ ನನ್ನ ಅಕ್ಷರದಾಗ ಅದ. ಮೂವತ್ತಮೂರು ವರ್ಷ ತಹಸೀಲ ಕಚೇರಿಯಾಗ ಬರದ ಕೈ ಇದು. ಒಂದು ಅಕ್ಷರ ಚಿತ್ತು ಇಲ್ಲ.

...ಒಂಬೈನೂರಾ ಹನ್ನೆರಡು ಪುಸ್ತಕ. ಎಪ್ಪತ್ನಾಲ್ಕು ಮನಿ.

...ಹೌದು, ಎಪ್ಪತ್ನಾಲ್ಕು ಮನಿ. ಎಲ್ಲಾರೂ ಸಭಾಸದರು. ಎಲ್ಲಾರದೂ ಅರ್ಜಿ ಅದ. ಒಬ್ಬೊಬ್ಬರಿಗೆ ಹತ್ತು, ಹನ್ನೆರಡು, ಹದಿನೈದು ಹಿಂಗ ಹೋಗ್ಯಾವ...

...ಇಲ್ಲ, ಎರಡೇ ಕೊಡಬೇಕು ಅಂತ ನಿಯಮ ಇಲ್ಲ. ನೀನೇ ಕಾರ್ಯದರ್ಶಿ ಇದ್ದೀ, ನಿಯಮದ ಪುಸ್ತಕ ತೆಗದು ನೋಡು. ಏಳನೇ ಕಲಮು. ಒಂದು ಪುಸ್ತಕ ಒಂದು ತಿಂಗಳು ಇಟ್ಕೋಬಹುದು, ಪ್ರತಿ ಸಲ ಮತ್ತ ಸಹಿ ಮಾಡಿದ್ರ ಇನ್ನೊಂದು ತಿಂಗಳು. ಒಬ್ಬರಿಗೆ ಎಷ್ಟು ಪುಸ್ತಕ ಅಂತ ಬರದೇ ಇಲ್ಲ. ಬರದೋರು ಮರತಾರ. ಎರಡು ಕೊಡೂದು ಮರೆಪ್ಪನ ರೂಢಿ, ಅಷ್ಟ. ಮೂವತ್ತಮೂರು ವರ್ಷ ನಾ ಕಾಗದದಾಗ ಏನು ಬರದದ ಅಂತ ನೋಡಿ ಸಾಹೇಬರಿಗೆ ಹೇಳ್ತಿದ್ದೆ. ಈಗ ಏನು ಬರದಿಲ್ಲ ಅಂತ ನೋಡೀನಿ.

...ಮರೆಪ್ಪಂದು ಏನೂ ತಪ್ಪಿಲ್ಲ. ಅಂವ ಇಪ್ಪತ್ತಾರು ವರ್ಷದಿಂದ ಆ ವಾಚನಾಲಯ ತೆಗದು, ಕಸಾ ಹೊಡದು, ಪೇಪರ್ ಜೋಡಿಸಿ ಇಟ್ಟಾನ. ಸಭಾಸದರು ಬಂದು ಪುಸ್ತಕ ಕೇಳಿದ್ರು, ಕೊಟ್ಟ. ಅದು ಅವನ ಕೆಲಸ. ಅವನ ಹೆಸರು ನಡುವ ತರಬ್ಯಾಡ್ರಿ.

...ಯಾವಾಗ ಅಂದ್ರ? ನೀವು ಕೀಲಿ ಹಾಕೂಕಿಂತ ಮೊದಲ. ನಾಕು ದಿನದಾಗ. ಮರೆಪ್ಪಗ ನಿಮ್ಮ ಚೀಟಿ ಬಂತು ನೋಡು, ಒಂದನೇ ತಾರೀಖಿನಿಂದ ಬಂದ್, ಹಾಲ್ ಅರಿವಿ ದುಕಾನಕ್ಕ ಕೊಟ್ಟೀವಿ, ಪುಸ್ತಕ ಗೋದಾಮಿಗೆ ಒಯ್ತೀವಿ ಅಂತ. ಅಂವ ಚೀಟಿ ತಂದು ನನ್ನ ಕೈಯಾಗ ಕೊಟ್ಟ. ನಾ ಓದಿದೆ. ಕೆಳಗ ನಿನ್ನ ಸಹಿ. ಅದರ ಹಿಂದಿನ ವಾರ ತಾನೇ ನೀ ನನ್ನ ಮನ್ಯಾಗ ಉಂಡು ಹೋಗಿದ್ದಿ ಅಣ್ಣಾ. ಶೇಂಗಾ ಹೋಳಿಗಿ ಮಾಡಿದ್ದೆ. ಒಂದು ಮಾತು ಹೇಳಲಿಲ್ಲ ನೀ.

...ಏನು ಹೇಳೂದು ಅಂದ್ರ? 'ತಂಗಿ, ನೀ ದಿನಾ ಹೋಗಿ ಕೂಡೂ ಜಾಗಾ ಮುಚ್ಚಾಕತ್ತೀವಿ' ಅಂತ ಹೇಳಬೇಕಿತ್ತು.

...ಓದವರು ಯಾರೂ ಬರಂಗಿಲ್ಲ ಅಂತ ಯಾರು ಹೇಳಿದ್ರು ನಿನಗ? ಅಧ್ಯಕ್ಷರು? ಅವರು ಆ ಬಾಗಲಾ ದಾಟಿ ಎಷ್ಟು ವರ್ಷ ಆತು?... ಹುಡುಗರು ಬರಂಗಿಲ್ಲ, ಖರೆ. ನಿನ್ನ ಮಗ ಅಮೇಯನೂ ಕನ್ನಡ ಓದಂಗಿಲ್ಲ, ಅವನ ಸಾಲಿ ಎಲ್ಲಾ ಮರಾಠಿಯಾಗ ಆತು. ಅದಕ್ಕ ನಾ ಯಾರನ್ನೂ ಬೈಯಂಗಿಲ್ಲ. ಆದ್ರ ಹುಡುಗರು ಬರಲಿಲ್ಲ ಅಂದ್ರ ಊರಾಗ ಮಂದೀನೇ ಇಲ್ಲ ಅಂತ ಆತೇನು? ನಾವು ಲೆಕ್ಕಕ್ಕ ಇಲ್ಲೇನು?

...ನಾವು ಅಂದ್ರ ನಾವು. ನಾನು, ಲೀಲಾಬಾಯಿ, ಭೀಮಣ್ಣ, ಬೀರವ್ವ... ಭೀಮಣ್ಣ ಅಂದ್ರ ಎಸ್ಟಿ ಬಸ್ ಡ್ರೈವರ್ ಇದ್ದನಲ್ಲ, ರಿಟೈರ್ ಆಗ್ಯಾನ. ಬೀರವ್ವ ಬಸ್ ಸ್ಟ್ಯಾಂಡ್ ಮುಂದ ಬಾಳೆಹಣ್ಣು ಮಾರ್ತಾಳ, ಹನ್ನೂರಿನಾಕಿ. ನಮ್ಮೂರಾಕಿನೇ, ನೀ ನೋಡಿದ್ರ ಗುರ್ತ ಹಿಡೀತಿ.

...ನಗು, ನಗು. ಹೌದು, ಆಕಿಗೆ ಓದಾಕ ಬರಂಗಿಲ್ಲ. ಹೆಬ್ಬಟ್ಟು ಒತ್ತ್ಯಾಳ. ಹನ್ನೆರಡು ಪುಸ್ತಕ ಆಕಿ ಹೊರಸಿನ ಕೆಳಗ ಅವ, ಬಾಳೆಹಣ್ಣಿನ ಬುಟ್ಟಿಯಾಗ ಒಯ್ದು ಇಟ್ಟಾಳ. ಓದಾಕ ಬರಂಗಿಲ್ಲಾದ್ರೂ ಆ ವಾಚನಾಲಯ ಬೇಕು ಅಂತ ಮೊದಲ ಹೇಳಿದಾಕಿ ಆಕಿನೇ. ನನ್ನ ಅಲ್ಲಿಗೆ ಕರಕೊಂಡು ಹೋದಾಕಿನೂ ಆಕಿನೇ.

...ಹೇಳ್ತೀನಿ. ಇವತ್ತು ಹೇಳಿಬಿಡ್ತೀನಿ. ನೀ ಕೇಳ್ತೀಯೇನು, ನಡುವ ಬಾಯಿ ಹಾಕದೇ?... ಹಾಂ.

...ನಾ ರಿಟೈರ್ ಆದ ದಿನಾ ನೀ ಬಂದಿದ್ದಿ. ಶಾಲು ಹೊದಿಸಿದ್ರು, ತೆಂಗಿನಕಾಯಿ ಕೊಟ್ರು, ಸಾಹೇಬರು ಭಾಷಣ ಮಾಡಿದ್ರು. ಇನ್ನ ಶಾರದಾಬಾಯಿ ಆರಾಮ ಮಾಡಲಿ ಅಂದ್ರು. ನೀನೂ ಚಪ್ಪಾಳಿ ಹೊಡದಿ. ಮರುದಿನ ಜುಲೈ ಒಂದು. ನಾ ಎಂದಿನಂಗ ಐದಕ್ಕ ಎದ್ದೆ, ಜಳಕಾ ಮಾಡಿದೆ, ಇಸ್ತ್ರಿ ಸೀರಿ ಉಟ್ಕೊಂಡೆ, ಡಬ್ಬಿ ಕಟ್ಟಿದೆ. ಹತ್ತು ಗಂಟೇಕ ಬಾಗಲಾ ಕೀಲಿ ಹಾಕಿ ಓಣಿಯಾಗ ಬಂದಾಗ ನೆನಪಾತು. ಹಿಂದಕ ಹೋಗಬೇಕು ಅಂದ್ರ ಓಣಿ ಮಂದಿ ನೋಡಾಕತ್ತಿದ್ರು. ಹಿಂದಕ ಹೋಗಾಕ ನಾಚಿಕಿ ಬಂತು. ಮುಂದ ನಡದೆ. ಬಸ್ ಸ್ಟ್ಯಾಂಡಿನ್ಯಾಗ ಹೋಗಿ ಬೆಂಚಿನ ಮ್ಯಾಲ ಕುಂತೆ. ಒಂದೂವರಿಗೆ ಡಬ್ಬಿ ಬಿಚ್ಚಿ ಉಂಡೆ. ಐದೂವರಿಗೆ ಮನಿಗೆ ಬಂದೆ.

...ಒಂದು ದಿನಾ ಅಲ್ಲ ಅಣ್ಣಾ. ಮೂರು ತಿಂಗಳು.

...ಹೌದು, ಮೂರು ತಿಂಗಳು ದಿನಾ. ಆಯಿತವಾರ ಬಿಟ್ಟು. ಆಯಿತವಾರ ಕಚೇರಿ ಇರಂಗಿಲ್ಲಲ್ಲ.

...ಯಾರಿಗೂ ಹೇಳಿಲ್ಲ. ಲೀಲಾಬಾಯಿಗೂ ಹೇಳಿಲ್ಲ. ಕಚೇರಿ ಮಂದಿ ಯಾರರೇ ಬಸ್ಸು ಹತ್ತಾಕ ಬಂದ್ರ ಕಂಬದ ಹಿಂದ ಸರಿಕೊಂಡು ನಿಲ್ಲತಿದ್ದೆ. ಅಲ್ಲಿ ಕಂಟ್ರೋಲರ್ ಸಾಯಬಣ್ಣ ಅಂತ ಇದ್ದ. ಮೊದಲ ಮೊದಲ 'ಬಾಯಿ, ಯಾವ ಗಾಡಿ?' ಅಂತ ಕೇಳ್ತಿದ್ದ. ದುಧನಿ ಗಾಡಿ ಅಂತಿದ್ದೆ. ಅದು ಬರ್ತಿತ್ತು, ಹೋಗ್ತಿತ್ತು, ನಾ ಕುಂತಲ್ಲೇ ಕುಂತಿರ್ತಿದ್ದೆ. ಎಂಟು ದಿನ ಆದಮ್ಯಾಲ ಅಂವ ಕೇಳೂದೂ ಬಿಟ್ಟ. ಕೇಳೂ ತನಕಾ ಸುಳ್ಳು ಹೇಳೂ ತ್ರಾಸು, ಬಿಟ್ಟಮ್ಯಾಲ ಅದಕ್ಕಿಂತ ತ್ರಾಸು. ಮೂವತ್ತಮೂರು ವರ್ಷ ಮಂದಿ ನನ್ನ ಮೇಜಿನ ಮುಂದ ನಿಂತು 'ಬಾಯಿ, ನಂದು ಏನಾತು ನೋಡ್ರಿ' ಅಂತಿದ್ರು. ಈಗ ನನ್ನ ಯಾರೂ ಏನೂ ಕೇಳವಲ್ರು.

...ಹಾಂ, ಇದೀನಿ. ಕೇಳಾಕತ್ತೀಯಲ್ಲ?

...ಒಂದಿನ ಬೀರವ್ವ ನನ್ನ ಕಡೆ ಬಂದ್ಲು. ಕೈಯಾಗ ಒಂದು ಹರಕ ಪೇಪರ್. ಯಾರೋ ಶೇಂಗಾ ಕಟ್ಟಿಕೊಟ್ಟಿದ್ರಂತ, ಕನ್ನಡ ಪೇಪರು. ಅದರಾಗ ಒಂದು ಚಿತ್ರ, ಹೆಂಗಸು ಟ್ರಂಕ್ ಹಿಡಕೊಂಡು ಒಂದು ಬಾಗಲದ ಮುಂದ ನಿಂತಾಳ. 'ಬಾಯಿ, ದಿನಾ ಸುಮ್ಮನ ಕುಂತಿರ್ತೀರಿ, ಇದರಾಗ ಏನು ಬರದದ ಓದಿ ಹೇಳ್ರಿ' ಅಂದ್ಲು. ಧಾರಾವಾಹಿ ಕತಿ ಅದು. ಓದಿದೆ. ಗಂಡನ ಮನಿ ಬಿಟ್ಟು ಬಂದಾಳ, ಅಕ್ಕನ ಬಾಗಲಾ ಬಡೀತಾಳ, ಅಲ್ಲಿಗೆ ಪೇಪರ್ ಹರದದ. ಬೀರವ್ವ ಕೇಳಿದ್ಲು, ಬಾಗಲಾ ತೆಗದ್ರೋ ಇಲ್ಲೋ? ತೆಗದಿರಬೇಕು ಅಂದೆ ನಾ. 'ತೆಗದಿರಬೇಕು ಅಂದ್ರ ಹ್ಯಾಂಗ ಬಾಯಿ, ನೋಡಿ ಹೇಳ್ರಿ' ಅಂದ್ಲು.

...ನಗೂ ಮಾತಲ್ಲ. ಆಕಿಗೆ ಅದು ಖರೇನೇ ಬೇಕಾಗಿತ್ತು. ಮೂಲ್ಯಾಗ ತಾರೀಖು ಉಳದಿತ್ತು. ಹಳೇ ಪೇಪರ್ ಎಲ್ಲಿ ಸಿಗ್ತಾವ ಅಂತ ಕೇಳಿದ್ಲು, ವಾಚನಾಲಯದಾಗ ಇರಬಹುದು ಅಂದೆ. ಬುಟ್ಟಿ ಅಲ್ಲೇ ಚಹಾದವನ ಹಂತೇಕ ಇಟ್ಟು, ನನ್ನ ಕೈ ಹಿಡದು ಎಬ್ಬಿಸಿದ್ಲು. ಹೋದ್ವಿ. ಮರೆಪ್ಪ ಒಬ್ಬನೇ ಕುಂತಿದ್ದ. ಹಳೇ ಕಟ್ಟು ತೆಗದು ಒಂದು ತಾಸು ಹುಡುಕಿದ, ಸಿಕ್ಕಿತು. ನಾ ನಿಂತಲ್ಲೇ ಓದಿದೆ. ಬಾಗಲಾ ತೆಗದಿರಲಿಲ್ಲ ಅಣ್ಣಾ. ಅಕ್ಕ ಒಳಗಿನಿಂದಲೇ ಮನ್ಯಾಗ ಜಾಗಾ ಇಲ್ಲ ಅಂದಿದ್ಲು. ಬೀರವ್ವ ಅಲ್ಲೇ ನೆಲದ ಮ್ಯಾಲ ಕುಂತ್ಲು. ಮುಂದಿಂದು ಓದ್ರಿ ಅಂದ್ಲು. ಅದರ ಮುಂದಿಂದು, ಅದರ ಮುಂದಿಂದು... ಕತ್ತಲ ಆಗೂ ತನಕಾ ಓದಿದೆ. ಆಕಿ ಹಣ್ಣು ಅರ್ಧ ಹಂಗೇ ಉಳದಿದ್ವು. ಮೂರು ತಿಂಗಳಾದಮ್ಯಾಲ ಅವತ್ತು ನಾ ಗಂಟಲು ನೋಯೂ ತನಕಾ ಮಾತಾಡಿದ್ದೆ.

...ಆಮ್ಯಾಲ ಏನು, ಮರುದಿನ ಆಕಿ ಇಬ್ಬರನ್ನ ಕರಕೊಂಡು ಬಂದ್ಲು. ಒಬ್ಬಾಕಿ ಪಲ್ಲೆ ಮಾರೂವಾಕಿ, ಇನ್ನೊಬ್ಬಾಕಿ ಹೊಲಿಗಿ ಮಾಡೂವಾಕಿ. ನಾ ಹತ್ತಕ್ಕ ಹೋಗಿ ಪೇಪರ್ ಓದ್ತಿದ್ದೆ, ಮೂರು ಗಂಟೇಕ ಅವರು ಬರ್ತಿದ್ರು, ಕತಿ ಓದ್ತಿದ್ದೆ. ಲೀಲಾಬಾಯಿ ಬಂದ್ರು. ನಲವತ್ತು ವರ್ಷ ನರ್ಸ್ ಆಗಿ ಮಂದಿ ಕೂಸು ಹಿಡದಾರ, ರಿಟೈರ್ ಆದಮ್ಯಾಲ ಅವರ ಬಾಗಲಾ ಯಾರೂ ಬಡೀತಿರಲಿಲ್ಲ. ಭೀಮಣ್ಣ ಬಂದ. ಅವನಿಗೆ ಪ್ರವಾಸದ ಪುಸ್ತಕ ಬೇಕು. ಇಪ್ಪತ್ತೆಂಟು ವರ್ಷ ಅದೇ ಅಕ್ಕಲಕೋಟ, ಅದೇ ಸೋಲಾಪುರ ಗಾಡಿ ಹೊಡದಾನ, ಈಗ ಹಿಮಾಲಯಕ್ಕ ಹೊಂಟಾನ ಕುಂತಲ್ಲೇ. ಈ ಒಂದು ವರ್ಷ ನಾ ಹೆಂಗಿದ್ದೆ ಅಂತ ನಿನಗ ಗೊತ್ತಿಲ್ಲ. ನೀ ಬಂದಾಗೆಲ್ಲಾ 'ಸುಧಾರಿಸೀದಿ, ಮುಖದ ಮ್ಯಾಲ ಕಳಾ ಬಂದದ' ಅಂತಿದ್ದಿ. ಟಾನಿಕ್ ತಗೊಳಾಕತ್ತೀಯೇನು ಅಂತ ಕೇಳಿದ್ದಿ. ನೆನಪದಿಲ್ಲೋ?

...ಹಾಂ. ಅದನ್ನೇ ನೀ ಕೀಲಿ ಹಾಕಿದಿ.

...ಅದು ನನಗ ಅಷ್ಟು ಬೇಕಿತ್ತು ಅಂತ ನಿನಗ ಗೊತ್ತಿರಲಿಲ್ಲ, ಒಪ್ಪೀನಿ. ನಾ ಹೇಳಿರಲಿಲ್ಲ, ಅದೂ ಖರೆ. ಈಗ ಹೇಳೀನಲ್ಲ. ಈಗೇನು ಮಾಡ್ತಿ?

...ಏನು ತಕ್ರಾರ?... ಪೋಲೀಸರಿಗೆ? ಟೈಪ್ ಆಗ್ಯದ? ಅಧ್ಯಕ್ಷರ ಸಹಿ ಆಗ್ಯದ. ನಿನ್ನ ಸಹಿ ಒಂದು ಬಾಕಿ. ನಾಳೆ ಹನ್ನೊಂದಕ್ಕ ಮುಟ್ಟಿಸಬೇಕು... ಅದರಾಗ ಯಾರ ಹೆಸರು ಅದ?

...ಓದು. ಇಲ್ಲ, ಪೂರಾ ಓದು... ಮರೆಪ್ಪಂದು ಮೊದಲು. ನಂದು ಎರಡನೇದು, ದಿನಾ ಅಲ್ಲಿ ಕೂಡ್ತಿದ್ಲು ಅಂತ. ಅದು ತಪ್ಪದ ನೋಡು. ನಂದು ಮೊದಲ ಬರೀರಿ. ಅವನಂದು ತೆಗೀರಿ. ಅವನ ಹೆಸರು ಬರದ್ರ ಆ ಎಪ್ಪತ್ನಾಲ್ಕು ಮನಿ ಮಂದಿ ನನ್ನ ಜೋಡಿ ಠಾಣ್ಯಾಗ ಬಂದು ಕೂಡ್ತಾರ, ಒಬ್ಬೊಬ್ಬರು ತಮ್ಮ ತಮ್ಮ ಪುಸ್ತಕ ಹಿಡಕೊಂಡು. ಮರಾಠಿ ಹವಾಲ್ದಾರಗ ಒಂಬೈನೂರಾ ಹನ್ನೆರಡು ಪುಸ್ತಕದ ಹೆಸರು ಕನ್ನಡದಾಗ ಹೇಳಿ ಬರಸ್ತೀವಿ. ಬರೀಲಿ ಕುಂತು.

...ಅಂಜಸಾಕತ್ತಿಲ್ಲ. ಏನು ಆಗ್ತದ ಅದನ್ನ ಹೇಳಾಕತ್ತೀನಿ.

...ಕ್ಷಮಾ ಪತ್ರ? ನಾನು? ಏನಂತ ಬರೀಲಿ? 'ಪುಸ್ತಕ ಓದಾಕ ಒಯ್ದೆ, ತಪ್ಪಾತು' ಅಂತ ಬರೀಲೇನು? ಅದು ನನ್ನ ಕೈಲಿ ಆಗಂಗಿಲ್ಲ ಅಣ್ಣಾ.

...ಹಾಲಿಂದು ನಾ ಮಾತಾಡೇ ಇಲ್ಲ. ಹಾಲ್ ಕಮಿಟೀದು. ಅರಿವಿ ದುಕಾನಕ್ಕ ಕೊಡ್ರಿ, ಯಾರಿಗರೇ ಕೊಡ್ರಿ. ನನಗ ಸಂಕಟ ಆಗಿಲ್ಲ ಅಂತ ಅಲ್ಲ, ಆಗ್ಯದ. ಕೀಲಿ ಹಾಕಿದ ದಿನಾ ನಾವು ಐದು ಮಂದಿ ವಾಚನಾಲಯದ ಪಾವಟಿಗಿ ಮ್ಯಾಲ ಕುಂತಿದ್ವಿ. ಭೀಮಣ್ಣನ ಕಣ್ಣಾಗ ನೀರು ಬಂದ್ವು. ಆದ್ರ ಪುಸ್ತಕ ಗೋದಾಮಿಗೆ ಹೋಗಂಗಿಲ್ಲ. ಆ ಗೋದಾಮು ನಾ ನೋಡೀನಿ. ಹೆಗ್ಗಣ ತಿಂತಾವ. ಆರು ತಿಂಗಳಾದಮ್ಯಾಲ ಯಾರಿಗೂ ನೆನಪಿರಂಗಿಲ್ಲ.

...ಮನ್ಯಾಗ ಹಾಳಾಗ್ತಾವ ಅಂತೀಯಾ? ಸುಳ್ಳು ಹೇಳಂಗಿಲ್ಲ, ಒಂದು ಹಾಳಾಗ್ಯದ. ಹೊಲಿಗಿಯಾಕಿ ಮನ್ಯಾಗ ನೀರಿನ ಬಕೀಟಿನ್ಯಾಗ ಬಿತ್ತು. ಹಾಳಿ ಬಿಡಿಸಿ, ನೆರಳಾಗ ಒಣಗಿಸಿ, ಇಸ್ತ್ರಿ ಹೊಡದು ಕೊಟ್ಟಾಳ. ಉಬ್ಬ್ಯದ, ಓದಾಕ ಬರ್ತದ. ಅದನ್ನೂ, ಕೀಲಿ ಹಾಕಿದಮ್ಯಾಲ ಯಾವ ಪುಸ್ತಕ ಯಾವ ಮನಿಗೆ ಹೋತು ಅದನ್ನೂ ನನ್ನ ವಹಿಯಾಗ ಬರದಿಟ್ಟೀನಿ.

...ನೀ ಇನ್ನೂ ತಿಳ್ಕೊಂಡಿಲ್ಲ. ಪುಸ್ತಕ ಮನ್ಯಾಗ ಸುಮ್ಮನ ಬಿದ್ದಿಲ್ಲ. ತಿರಗಾಕತ್ಯಾವ. ಸೋಮವಾರ ಕಾರಂಜಾ ಚೌಕದ ಕಡೆ, ಮಂಗಳವಾರ ಬೀರವ್ವನ ಓಣಿ, ಬುಧವಾರ ಹಿಂದಿನ ಗಲ್ಲಿ. ನಾ ಚೀಲ ಹಿಡಕೊಂಡು ಹೋಗ್ತೀನಿ, ಈ ಮನೀದು ಆ ಮನಿಗೆ, ಆ ಮನೀದು ಈ ಮನಿಗೆ. ಭಾರ ಆದ್ರ ಭೀಮಣ್ಣನ ಸೈಕಲ್ಲು. ಪ್ರತಿ ಮನ್ಯಾಗ ಕೂಡಸ್ತಾರ. ಚಹಾ ಬ್ಯಾಡ ಅಂದ್ರ ಮಜ್ಜಿಗಿ ಕೊಡ್ತಾರ. 'ಬಾಯಿ, ಇದನ್ನ ಓದಿದೆ, ಆ ಹೆಣ್ಣುಮಗಳು ಹಂಗ ಮಾಡಬಾರದಿತ್ತು' ಅಂತ ಒಬ್ಬಾಕಿ. 'ಮಾಡಿದ್ದು ಛಲೋ ಆತು' ಅಂತ ಆಕಿ ಅತ್ತಿ. ಅತ್ತಿ ಸೊಸಿ ನಾಕು ತಿಂಗಳಿಂದ ಮಾತು ಬಿಟ್ಟಿದ್ರು ಆ ಮನ್ಯಾಗ. ಈಗ ಪುಸ್ತಕದ ಸಂಬಂಧ ಜಗಳಾಡ್ತಾರ. ಜಗಳಾನೂ ಮಾತೇ ಅಲ್ಲೇನು?

...ಮೂವತ್ತಮೂರು ವರ್ಷ ಈ ಊರಾಗ ಕೆಲಸ ಮಾಡೀನಿ, ಮಂದಿ ಹೆಸರು ಗೊತ್ತಿತ್ತು, ಅವರ ಹೊಲದ ಪಹಣಿ ಉತಾರಿ ಗೊತ್ತಿತ್ತು. ಅವರ ಮನಿ ಒಳಗ ಗೊತ್ತಿರಲಿಲ್ಲ. ಈಗ ಹದಿನೈದು ದಿನದಾಗ ಗೊತ್ತಾಗ್ಯದ. ನೀವು ಕೀಲಿ ಹಾಕಿ ನನಗ ಉಪಕಾರ ಮಾಡೀರಿ. ನಾ ಸಿಟ್ಟಿನಿಂದ ಹೇಳಾಕತ್ತಿಲ್ಲ.

...ಹಾಂ?... ಸೋಲಾಪುರಕ್ಕ? ನಿಮ್ಮ ಮನಿಗೆ?... ಸೊಸಿ ಸ್ನೇಹಲ ಬ್ಯಾಂಕಿಗೆ ಹೋಗ್ತಾಳ, ಕೂಸು ನೋಡಾಕ ಯಾರೂ ಇಲ್ಲ, ಅದಕ್ಕ ನಾ ಬರಬೇಕು. ಕುಂತು ಉಣ್ಣಬೇಕು. ಛಲೋ ಮನಸಿನಿಂದ ಕರೀತಿ, ಗೊತ್ತದ. ನಾ ಬರ್ತೀನಿ, ನಾಕು ದಿನ ಕೂಸಿನ ಜೋಡಿ ಇರಾಕ. ಕಾಯಂ ಇರಾಕ ಅಂತ ಬರಂಗಿಲ್ಲ. ನೀ ರಿಟೈರ್ ಆಗಿ ಎಂಟು ವರ್ಷ ಆತು. ನೀ ಹೊಲಾ ನೋಡಿದಿ, ಕಮಿಟಿ ಸೇರಿದಿ, ಮಂದಿ ಮದುವಿ ಮಾತುಕತಿ ಮಾಡಿದಿ. ನಿನಗ ಯಾರೂ ಬಂದು ಕೂಸು ಆಡಿಸು ಅನ್ನಲಿಲ್ಲ. ಗಂಡಸು ರಿಟೈರ್ ಆದ್ರ ಊರ ಹಿರಿಯ ಆಗ್ತಾನ. ಹೆಂಗಸು ರಿಟೈರ್ ಆದ್ರ ಯಾರ ಮನ್ಯಾಗ ಕೆಲಸಕ್ಕ ಕಡಿಮಿ ಬಿದ್ದದ ಅಂತ ನೋಡ್ತಾರ.

...ಇಲ್ಲ, ಬಿರುಸು ಮಾತಲ್ಲ. ಇದ್ದದ್ದು.

...

...ನೀ ನನ್ನ ಓದಿಸಿದ್ದು ನಾ ಮರ್ತಿಲ್ಲ ಅಣ್ಣಾ. ಸಾಯೂ ತನಕಾ ಮರಿಯಂಗಿಲ್ಲ. ಇಪ್ಪತ್ತು ತುಂಬಿರಲಿಲ್ಲ ನನಗ. ನಮ್ಮ ಮನಿಯವರು ತೀರಿಕೊಂಡ ಮ್ಯಾಲ ಅಪ್ಪ ನನ್ನ ಹನ್ನೂರಿನ ನಡುಮನ್ಯಾಗ ಕೂಡಿಸಿದ್ದ. ಮತ್ತ ಸಾಲಿಗೆ ಕಳಸ್ತೀನಿ ಅಂತ ನಿಂತಾಂವ ನೀ. ಅಪ್ಪ ಕೈ ಎತ್ತಿದ, ನೀ ಸರೀಲಿಲ್ಲ. ಸೈಕಲ್ಲಿನ ಹಿಂದ ಕೂಡಿಸಿಕೊಂಡು ಮ್ಯಾಟ್ರಿಕ್ ಪರೀಕ್ಷಾಕ್ಕ ಒಯ್ದಿ. ನೌಕರಿ ಅರ್ಜಿ ನೀನೇ ತುಂಬಿದಿ. ನಿಮ್ಮಿಬ್ಬರಿಗೂ ಎರಡು ವರ್ಷ ಮಾತಿರಲಿಲ್ಲ, ನನ್ನ ಸಲುವಾಗಿ.

...ಹೌದು. ಅದಕ್ಕ ಹೇಳಾಕತ್ತೀನಿ. ಅವತ್ತು ನೀ ಅಪ್ಪನ ಮಾತು ಮೀರಿದಿ. ಇವತ್ತು ನಾ ನಿನ್ನ ಮಾತು ಮೀರಾಕತ್ತೀನಿ. ನಿನ್ನ ಕಡಿಂದೇ ಕಲತೀನಿ.

...ಅಣ್ಣಾ?... ಹಲೋ?... ಹಾಂ. ಇದೀಯಲ್ಲ. ಲೈನ್ ಹೋತು ಅಂತ ಮಾಡಿದ್ದೆ.

...ಅಳಬ್ಯಾಡ. ನೀ ಹಂಗ ಮಾಡಿದ್ರ ನಾ ಫೋನ್ ಇಟ್ಟುಬಿಡ್ತೀನಿ.

...ಅಧ್ಯಕ್ಷರಿಗೆ ಏನು ಹೇಳೂದು ಅಂತ ನನ್ನ ಕೇಳ್ತೀಯಾ? ರಜಿಸ್ಟರ್ ತೆಗದು ತೋರಿಸು. ಏಳನೇ ಕಲಮು ಓದಿ ಹೇಳು. ಎಲ್ಲಾ ಪುಸ್ತಕ ಸಭಾಸದರ ಹಂತೇಕ ಅವ, ತಾರೀಖು ಮುಗಿದಿಲ್ಲ, ಏನಂತ ತಕ್ರಾರ ಕೊಡೂದು ಅಂತ ಕೇಳು. ಅವರು ವಕೀಲರು, ತಿಳೀತದ. ಅಷ್ಟರ ಮ್ಯಾಲೂ ಕೊಡಬೇಕು ಅಂದ್ರ ನೀ ಸಹಿ ಮಾಡು. ನಾ ಸಿಟ್ಟಾಗಂಗಿಲ್ಲ. ಆದ್ರ ಪುಸ್ತಕ ಮಾತ್ರ ಒಂದೂ ಬರಂಗಿಲ್ಲ. ಮುಂದಿನ ತಿಂಗಳು ಮತ್ತ ಸಹಿ ಮಾಡ್ತೀವಿ. ಅದರ ಮುಂದಿನ ತಿಂಗಳೂ ಮಾಡ್ತೀವಿ.

...ಕೇಳಾಕತ್ತೀನಿ, ಹೇಳು... ಏನು?... ಅಣ್ಣಾ? ಎಲ್ಲಿ ಹೋದಿ?

...ಹಲೋ, ಯಾರು?... ವೈನಿ! ನೀವೇನು. ಅಣ್ಣ ಫೋನ್ ಬಿಟ್ಟು ಎಲ್ಲಿ ಹೋದ?... ಅಂಗಳದಾಗ. ಮುಖಾ ತೊಳ್ಕೊಳಾಕತ್ಯಾನ... ಆರಾಮ ಅದಾನಲ್ಲ? ನಾ ಭಾಳ ಅಂದೆ ಏನು ಇವತ್ತು?... ನೀವು ಅಲ್ಲೇ ನಿಂತು ಕೇಳಾಕತ್ತಿದ್ರಿ? ಪೂರಾ?

...ಏನಂದ್ರಿ? ಮತ್ತೊಮ್ಮೆ ಹೇಳ್ರಿ ವೈನಿ... 'ಸಹಿ ಮಾಡಂಗಿಲ್ಲ ಅಂತ ಆಕಿಗೆ ಹೇಳು' ಅಂದ್ನೇನು? ನಿಮ್ಮ ಮುಂದ? ಅದನ್ನ ನನಗೇ ಹೇಳಾಕ ಏನಾಗಿತ್ತು ಅವನಿಗೆ... ಹಾಂ. ಹೌದು ಬಿಡ್ರಿ. ಅವನ ಬಾಯಿಂದ ಬರಂಗಿಲ್ಲ ಅದು. ಕಾಗದ ಎಲ್ಲಿ ಅದ ಈಗ?... ಮೇಜಿನ ಮ್ಯಾಲ. ಹಂಗೇ ಇರಲಿ. ನೀವು ಹರೀಬ್ಯಾಡ್ರಿ, ಅಧ್ಯಕ್ಷರಿಗೆ ಅವನೇ ಕೈಯಾರೆ ತಿರುಗಿ ಕೊಡಲಿ.

...ಇಲ್ಲ ವೈನಿ, ನಾ ಅಳಾಕತ್ತಿಲ್ಲ. ಇಷ್ಟೊತ್ತು ಮಾತಾಡಿ ದನಿ ಕುಂತದ.

...ಹೇಳ್ರಿ. ಸಾವಕಾಶ ಹೇಳ್ರಿ, ಏನು?... ನಿಮಗ? ನಿಮಗ ಓದಾಕ ಪುಸ್ತಕ ಬೇಕು?... ನನಗ ಗೊತ್ತೇ ಇರಲಿಲ್ಲ. ನಾಕನೇ ಇಯತ್ತೆ ತನಕಾ ಇಂಡಿ ಊರಾಗ ಕನ್ನಡ ಸಾಲಿಗೆ ಹೋಗಿದ್ರಿ? ನಲವತ್ತು ವರ್ಷ ನಮ್ಮ ಮನ್ಯಾಗ ಅದೀರಿ, ಯಾರೂ ಕೇಳಲಿಲ್ಲ ನಿಮ್ಮನ್ನ. ನಾನೂ ಕೇಳಲಿಲ್ಲ.

...ಬರ್ತದ, ಬರ್ತದ. ಅಕ್ಷರ ಎಲ್ಲಿ ಹೋಗ್ತಾವ? ಮೊದಲ ಎರಡು ದಿನ ತಡವರಸ್ತದ, ಆಮ್ಯಾಲ ಓಡ್ತದ. ದೊಡ್ಡ ಅಕ್ಷರಂದು ತರ್ತೀನಿ. ಗುರುವಾರ ಬರ್ತೀನಿ. ಸಣ್ಣದು ಒಂದು, ದೊಡ್ಡದು ಒಂದು ತರ್ತೀನಿ, ನೋಡಿ ಯಾವುದು ಬೇಕೋ ಇಟ್ಕೋರಿ. ಎರಡೂ ಇಟ್ಕೋರಿ.

...ಅಣ್ಣನ್ನ ಯಾಕ ಕೇಳ್ತೀರಿ? ಕೇಳೂ ಕಾರಣ ಇಲ್ಲ. ಅರ್ಜಿ ನಾ ತರ್ತೀನಿ, ತುಂಬೋರು ನೀವು. ಎಪ್ಪತ್ತೈದನೇ ಮನಿ ನಿಮ್ಮದು. ಸೋಲಾಪುರದ ಮೊದಲನೇ ಮನಿ...

...ಹೆಸರಾ? ಶಾಂತಲಿಂಗಪ್ಪನ ಹೆಂಡತಿ ಅಂತ ಯಾಕ ಬರೀತೀರಿ, ವೈನಿ. ಬರೇ ನಿಮ್ಮ ಹೆಸರು. ದ್ವಾರಕಾ ಅಂತ. ದ-ಗೆ ವ-ಒತ್ತು, ಆಮ್ಯಾಲ ದೀರ್ಘ... ಹಾಂ, ನೆನಪದ ನೋಡ್ರಿ ನಿಮಗ. ಒಮ್ಮೆ ಬರದು ನೋಡ್ರಿ, ಅಲ್ಲೇ ಯಾವುದರೇ ಕಾಗದದ ಮ್ಯಾಲ. ನಾ ಹಿಡಕೊಂಡಿರ್ತೀನಿ... ಬರದ್ರೇನು?... ವೈನಿ?... ಹಾಂ, ಪೆನ್ನಿನ ಸಪ್ಪಳ ಕೇಳಾಕತ್ತದ. ಬರೀರಿ, ಬರೀರಿ...